ನೆಲದ ಪ್ರತಿಧ್ವನಿ ಮತ್ತು ನಮ್ಮ ಕೊಳವೆ ಬಾವಿ

ಕೊಳವೆ ಬಾವಿ ಕೊರೆಸುವ ಮೊದಲು ಜಾಗ ತೋರಿಸುವವರನ್ನು ಕರೆಸುವುದು ನಮ್ಮ ರೈತರಲ್ಲಿ ವಾಡಿಕೆ. ಕೆಲವರು ಕವಲು ಕಡ್ಡಿ ಹಿಡಿಯುತ್ತಾರೆ. ಕೆಲವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ. ಯಂತ್ರ ತಂದು ‘ಭೂಮಿಯ ಎಕ್ಸ್-ರೇ ತೆಗೆಯುತ್ತೇವೆ’ ಎನ್ನುವವರೂ ಉಂಟು. ಯಂತ್ರವೆಂದೊಡನೆ ನಂಬುವುದೂ ತರವಲ್ಲ, ತಳ್ಳಿಹಾಕುವುದೂ ತರವಲ್ಲ. ಯಾವ ವಿಧಾನ ಯಾವ ನೆಲಕ್ಕೆ ಒಗ್ಗುತ್ತದೆಂಬುದನ್ನು ಹಣ ಹಾಕುವ ರೈತನೇ ತಿಳಿದಿರಬೇಕು.

ನೆಲದೊಳಗನ್ನು ಅಗೆಯದೆ ನೋಡುವ ವಿಧಾನಗಳಲ್ಲಿ ಹೆಸರಾದದ್ದು ಭೂಕಂಪನ ಅಲೆಗಳ ಪ್ರತಿಫಲನ ವಿಧಾನ. ಬೆಟ್ಟದ ಎದುರು ನಿಂತು ಕೂಗಿದರೆ ದನಿ ಮರಳಿ ಬರುವಂತೆ, ನೆಲಕ್ಕೆ ಕೊಟ್ಟ ಪೆಟ್ಟಿನ ಅಲೆ ಕೆಳಗಿನ ಶಿಲಾಸ್ತರಕ್ಕೆ ತಾಗಿ ಹಿಂದಿರುಗುತ್ತದೆ. ಅದನ್ನು ಜಿಯೋಫೋನ್ ಎಂಬ ಉಪಕರಣಗಳು ಗ್ರಹಿಸುತ್ತವೆ. ಅಲೆ ಸೆಕೆಂಡಿಗೆ 5000 ಮೀಟರ್ ಓಡುವ ಶಿಲೆಯಲ್ಲಿ 0.4 ಸೆಕೆಂಡಿಗೆ ಪ್ರತಿಧ್ವನಿ ಬಂದರೆ, ಸ್ತರ 1000 ಮೀಟರ್ ಆಳದಲ್ಲಿದೆ ಎಂದರ್ಥ. ಲೆಕ್ಕ ಇಷ್ಟು ಸರಳ.

ಈ ವಿಧಾನದ ಸಾಧನೆ ದೊಡ್ಡದು. ಮುಂಬಯಿಯಿಂದ ಸುಮಾರು 160 ಕಿ.ಮೀ. ದೂರದ ಸಮುದ್ರತಳದ ರಚನೆಯನ್ನು 1960ರ ದಶಕದ ಭೂಕಂಪನ ಸಮೀಕ್ಷೆ ಗುರುತಿಸಿತು. 1974ರಲ್ಲಿ ಅಲ್ಲಿ ಕೊರೆದಾಗ ಬಾಂಬೆ ಹೈ ತೈಲ ದೊರೆಯಿತು. ಅಲ್ಲಿ ಶಿಲೆಗಳು ಪದರದ ಮೇಲೆ ಪದರವಾಗಿ ಹಾಸಿಕೊಂಡಿವೆ. ಪ್ರತಿಧ್ವನಿಗೆ ಅಂಥ ಪದರವೇ ಬೇಕು.

ನಮ್ಮ ನೆಲ ಹಾಗಿಲ್ಲ. ಕರ್ನಾಟಕದ ಬಹುಭಾಗ ಕಣಶಿಲೆ ಮತ್ತು ನೈಸ್ ಶಿಲೆಗಳ ಗಟ್ಟಿನೆಲ. ನೀರು ಇರುವುದು ಮೇಲಿನ ಶಿಥಿಲ ಶಿಲೆಯಲ್ಲಿ ಮತ್ತು ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಸೆಕೆಂಡಿಗೆ 50 ಸಲ ಕಂಪಿಸುವ ಅಲೆಯ ಉದ್ದ ಇಂಥ ಗಟ್ಟಿ ಬಂಡೆಯಲ್ಲಿ ಸುಮಾರು 100 ಮೀಟರ್. ಇದರ ಕಾಲುಭಾಗಕ್ಕಿಂತ, ಎಂದರೆ 25 ಮೀಟರಿಗಿಂತ ತೆಳುವಾದ ಪದರದ ಮೇಲು ಕೆಳಗನ್ನು ಅದು ಬಿಡಿಸಿ ತೋರಿಸಲಾರದು. ನಿಮ್ಮ ಬಾವಿಗೆ ನೀರು ಕೊಡುವ ಬಿರುಕಾದರೋ ಬೆರಳಗಲ, ಹೆಚ್ಚೆಂದರೆ ಗೇಣಗಲ. ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸುಮಾರು 600 ಕಿ.ಮೀ. ಉದ್ದಕ್ಕೆ 1970ರ ದಶಕದಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಭೂಕಂಪನ ಅಲೆಗಳಿಂದಲೇ ಸಮೀಕ್ಷೆ ನಡೆಸಿ, ಹತ್ತಾರು ಕಿ.ಮೀ. ದಪ್ಪದ ಭೂಕವಚವನ್ನು ಅಳೆಯಿತು. ಅಷ್ಟು ದಪ್ಪವನ್ನು ಅಳೆಯುವ ವಿದ್ಯೆಗೆ ಗೇಣಗಲದ ಬಿರುಕು ಸಿಕ್ಕುವುದು ಕಷ್ಟ. ಆದುದರಿಂದ ‘ಎಕ್ಸ್-ರೇಯಲ್ಲಿ ನೀರಿನ ಸೆಲೆ ಕಾಣುತ್ತದೆ, ಇಷ್ಟು ಇಂಚು ನೀರು ಬರುತ್ತದೆ’ ಎನ್ನುವವರ ಮಾತನ್ನು ನಂಬಿ ಸಾಲ ಮಾಡಬೇಡಿ.

ಹಾಗಾದರೆ ನಮಗೆ ತಕ್ಕದ್ದು ಯಾವುದು? ಒಂದು, ವಕ್ರೀಭವನ ವಿಧಾನ. ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಹೊಡೆದು, ಸಾಲಾಗಿ ನೆಟ್ಟ ಜಿಯೋಫೋನುಗಳಿಗೆ ಅಲೆ ತಲಪುವ ಹೊತ್ತನ್ನು ಅಳೆಯುತ್ತಾರೆ. ಒಣ ಸಡಿಲ ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್ ಮಾತ್ರ. ಗಟ್ಟಿ ಬಂಡೆಯಲ್ಲಿ 5000 ಮೀಟರಿನ ಆಸುಪಾಸು. ಈ ಅಂತರದಿಂದ ಬಂಡೆ ಎಷ್ಟು ಆಳದಲ್ಲಿದೆ ಎಂಬುದು ತಿಳಿಯುತ್ತದೆ. ಎರಡು, ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವ ವಿದ್ಯುತ್ ನಿರೋಧ ವಿಧಾನ. ನಾಲ್ಕು ಗೂಟಗಳನ್ನು ನೆಟ್ಟು ನೆಲದಲ್ಲಿ ವಿದ್ಯುತ್ ಹರಿಸಿದಾಗ, ಒಣ ಬಂಡೆ ಅದನ್ನು ಬಹಳವಾಗಿ ತಡೆಯುತ್ತದೆ, ತೇವದ ಶಿಥಿಲ ಶಿಲೆ ಕಡಮೆ ತಡೆಯುತ್ತದೆ. ಆದರೆ ಜೇಡಿಯೂ ಉಪ್ಪುನೀರೂ ಹಾಗೆಯೇ ಕಡಮೆ ನಿರೋಧ ತೋರಿಸುವುದರಿಂದ, ಫಲಿತಾಂಶವನ್ನು ಓದಲು ಅನುಭವಿ ಭೂವಿಜ್ಞಾನಿಯೇ ಬೇಕು.

‘ಸಮೀಕ್ಷೆ ಮಾಡಿಸಿದ ಬಾವಿಯೂ ಒಣಗುತ್ತದಲ್ಲ, ಕಾಯಿ ಹಿಡಿಸಿದರೆ ಖರ್ಚಾದರೂ ಕಡಮೆ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಮೀಕ್ಷೆ ನೀರನ್ನು ಸೃಷ್ಟಿಸುವುದಿಲ್ಲ, ಬಾವಿ ಬೀಳುವ ಸಂಭವವನ್ನು ತಗ್ಗಿಸುತ್ತದೆ ಅಷ್ಟೆ. ನನ್ನ ಅಭಿಪ್ರಾಯದಲ್ಲಿ ‘ಇಲ್ಲಿ ಕೊರೆಯಬೇಡಿ’ ಎನ್ನುವ ವರದಿಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕೊರೆತದ ಹಣವೆಲ್ಲ ಅದರಿಂದ ಉಳಿಯುತ್ತದೆ. ಕಾಯಿ ಹಿಡಿದವರು ‘ಬೇಡ’ ಎನ್ನುವುದು ಅಪರೂಪ.

ಇನ್ನೊಂದು ಮಾತು. ಎರಡೆಕರೆಯ ಗಡಿಯೊಳಗೇ ನೀರು ಹುಡುಕುವುದು ನಮ್ಮ ದೊಡ್ಡ ದೋಷ. ಬಂಡೆಯ ಬಿರುಕಿಗೆ ಸರ್ವೆ ಕಲ್ಲು ಗೊತ್ತಿಲ್ಲ. ಒಂದೇ ಹಳ್ಳದ ದಂಡೆಯ ಹತ್ತು ಮಂದಿ ಹತ್ತು ಬಾವಿ ತೋಡಿ ಒಬ್ಬರ ನೀರನ್ನೊಬ್ಬರು ಎಳೆದುಕೊಳ್ಳುವ ಬದಲು, ಎಲ್ಲರೂ ಸೇರಿ ಇಡೀ ಹಳ್ಳದ ಸಮೀಕ್ಷೆ ಮಾಡಿಸಲಿ. ತಲೆಗೆ ಬೀಳುವ ಖರ್ಚೂ ಕಡಮೆಯಾಗುತ್ತದೆ, ಇಂಗುಗುಂಡಿಯನ್ನು ಎಲ್ಲಿ ತೋಡಬೇಕೆಂಬುದೂ ತಿಳಿಯುತ್ತದೆ.

ಜಿಲ್ಲಾ ಅಂತರ್ಜಲ ಕಚೇರಿಯ ಭೂವಿಜ್ಞಾನಿಯ ಸಲಹೆ ಪಡೆಯಿರಿ. ಶಿಥಿಲ ಶಿಲೆ ಎಷ್ಟು ದಪ್ಪ, ಗಟ್ಟಿ ಬಂಡೆ ಎಷ್ಟು ಆಳ, ಕೊರೆತವನ್ನು ಎಲ್ಲಿಗೆ ನಿಲ್ಲಿಸಬೇಕು, ಈ ಮೂರನ್ನು ಬರಹದಲ್ಲಿ ಕೇಳಿ. ಹೇಳಿದ ಆಳಕ್ಕೆ ನೀರು ಬಾರದಿದ್ದರೆ ‘ಇನ್ನೊಂದು ಐವತ್ತು ಅಡಿ ನೋಡೋಣ’ ಎಂಬ ಆಸೆಗೆ ಬೀಳದೆ ಯಂತ್ರವನ್ನು ನಿಲ್ಲಿಸಿ. ಸಿಕ್ಕ ನೀರಿಗೆ ತಕ್ಕ ಬೆಳೆ ಆರಿಸಿ. ರಾಗಿ, ತೊಗರಿಗೆ ಸಾಲುವ ನೀರನ್ನು ಕಬ್ಬಿಗೆ ಹರಿಸಿದರೆ, ಎಷ್ಟು ಒಳ್ಳೆಯ ಜಾಗದಲ್ಲಿ ಕೊರೆದ ಬಾವಿಯೂ ಬಹುಕಾಲ ಬಾಳದು.