ಹಳದಿ ಸಿಂಬಳಕ್ಕೆ ಮಾತ್ರೆ ಏಕೆ?
ಬೆಂಗಳೂರಿನಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ಮೆಡಿಕಲ್ ಶಾಪಿನ ಮುಂದೆ ಕೆನ್ನೆ ಒತ್ತಿಕೊಂಡು ನಿಂತವರು, ‘ಸೈನಸ್ ಸಾರ್, ಒಂದು ಸ್ಟ್ರಾಂಗ್ ಆಂಟಿಬಯಾಟಿಕ್ ಕೊಡಿ’ ಅನ್ನುತ್ತಾರೆ. ಅಂಗಡಿಯವರು ಸ್ಟ್ರಿಪ್ಪಿನಿಂದ ಮೂರು ಮಾತ್ರೆ ಕತ್ತರಿಸಿ ಕೊಟ್ಟೂ ಬಿಡುತ್ತಾರೆ. ನೆಗಡಿಯ ಬೆನ್ನಿಗೆ ಬರುವ ಸೈನಸ್ ಸೋಂಕಿಗೆ ಬಹುಪಾಲು ವೈರಸ್ಸೇ ಕಾರಣ. ಅದರ ಮೇಲೆ ಆಂಟಿಬಯಾಟಿಕ್‌ನ ಆಟ ನಡೆಯುವುದಿಲ್ಲ. ಸಿಂಬಳ ಹಳದಿಗೋ ಹಸಿರಿಗೋ ತಿರುಗಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಬಂತೆಂದೂ ಅಲ್ಲ. 10 ದಿನ ದಾಟಿಯೂ ತೊಂದರೆ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಆಗ ಇಎನ್‌ಟಿ ವೈದ್ಯರ ಮಾತು ಕೇಳಬೇಕು. ಅಲ್ಲಿಯವರೆಗೆ ನನ್ನ ಓಟು ಯೋಗದವರ ಜಲನೇತಿಗೆ. ಅರ್ಧ ಲೀಟರ್ ನೀರಿಗೆ ಸುಮಾರು ಮುಕ್ಕಾಲು ಟೀ ಚಮಚ ಉಪ್ಪು. ತಲೆ ವಾಲಿಸಿ ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಇಳಿಯುತ್ತದೆ, ಕಟ್ಟಿದ್ದ ಕಫವೂ ಜೊತೆಗೇ ಬರುತ್ತದೆ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇದ್ದರೆ ಅದು ಮೂಗಿನಿಂದ ಮಿದುಳಿಗೇ ಏರಬಲ್ಲದು. ಅಪರೂಪ, ಆದರೆ ಬಂದರೆ ಬದುಕುವವರು ತೀರಾ ಕಡಿಮೆ. ಹಬೆ ಹಿತವೇ, ಆದರೆ ಮಕ್ಕಳನ್ನು ಕುದಿಯುವ ಪಾತ್ರೆಯ ಮೇಲೆ ಬಗ್ಗಿಸಬೇಡಿ, ಸುಟ್ಟುಕೊಳ್ಳುತ್ತಾರೆ. ಕಟ್ಟಿದ ಮೂಗನ್ನು ತಟ್ಟನೆ ಬಿಡಿಸುವ ಡ್ರಾಪ್ಸನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗುತ್ತದೆ. ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಕತ್ತು ಬಿಗಿತ, ಸಹಿಸಲಾಗದ ತಲೆನೋವು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.