ತಡ ಮಾಡಿದವರು ಯಾರು?

ಕೊಪ್ಪಳ ಜಿಲ್ಲೆಯಲ್ಲಿ ಸೊಟ್ಟ ಕೂಡಿದ ಕಾಲು, ಮಡಚಲು ಬಾರದ ಮೊಣಕೈ, ಮುಷ್ಟಿ ಹಿಡಿಯಲಾರದ ಬೆರಳು ನೋಡಬೇಕೆಂದರೆ ಆಸ್ಪತ್ರೆಗೆ ಹೋಗಬೇಕಿಲ್ಲ. ಕುಷ್ಟಗಿಯ ಸಂತೆಗೆ ಹೋಗಿ. ಗಂಗಾವತಿಯ ಅಕ್ಕಿ ಗಿರಣಿಗಳ ಮುಂದೆ ಹಮಾಲರು ಚಹಾ ಕುಡಿಯುವ ಹೊತ್ತಿಗೆ ನಿಲ್ಲಿ. ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಗಳು ಪಾಳಿ ಬಿಡುವಾಗ ನೋಡಿ. ಯಾರನ್ನು ಮಾತಾಡಿಸಿದರೂ ಹೆಚ್ಚುಕಡಿಮೆ ಒಂದೇ ಉತ್ತರ: "ಆಗ ಪಟ್ಟಿ ಹಾಕಿದ್ರು, ಸರಿ ಕೂಡಲಿಲ್ರೀ." ಯಾರು ಹಾಕಿದರು, ಯಾಕೆ ಕೂಡಲಿಲ್ಲ ಎಂದು ಅವರು ಕೇಳುವ ಹೊತ್ತಿಗೆ ಕೋರ್ಟಿನ ಬಾಗಿಲಿಗೆ ಚಿಲಕ ಬಿದ್ದಿರುತ್ತದೆ.

ಆ ಚಿಲಕದ ಹೆಸರು ಕಾಲಮಿತಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 69ನೇ ಕಲಂ ಪ್ರಕಾರ ದೂರಿಗೆ ಎರಡೇ ವರ್ಷ. ಸಿವಿಲ್ ದಾವೆ ಹೂಡುತ್ತೇನೆಂದರೆ 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಅದು ದಾಟಿತೋ, ಎದುರು ಪಕ್ಷದ ವಕೀಲ ಬಾಯಿ ತೆರೆಯದಿದ್ದರೂ ನ್ಯಾಯಾಧೀಶರು ತಾವೇ ಎಣಿಸಿ ವಜಾ ಮಾಡಬೇಕು. ತಡ ಮನ್ನಿಸಿ ಎಂದು ಬೇಡುವ 5ನೇ ಕಲಂ ಇದೆಯಲ್ಲ, ಅದು ಮೇಲ್ಮನವಿಗೆ, ಅರ್ಜಿಗೆ. ದಾವೆಗೆ ಅದು ಅನ್ವಯಿಸುವುದಿಲ್ಲ. ಈಗ ಅದೇ ಪುಸ್ತಕದ 112ನೇ ಅನುಚ್ಛೇದ ತೆರೆಯಿರಿ. ಸರ್ಕಾರ ಪ್ರಜೆಯ ಮೇಲೆ ದಾವೆ ಹೂಡಲು ಎಷ್ಟು ಅವಧಿ? 30 ವರ್ಷ. ಕಚೇರಿ, ಗುಮಾಸ್ತ, ಸರ್ಕಾರಿ ವಕೀಲ, ಕಪಾಟು ತುಂಬ ಕಡತ ಎಲ್ಲ ಇಟ್ಟುಕೊಂಡವರಿಗೆ 30. ಯಲಬುರ್ಗಾದ ಯಾವುದೋ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಮಗುಚಿ ತೊಡೆ ಮುರಿದುಕೊಂಡವನಿಗೆ ಎರಡೋ ಮೂರೋ. ಈ ಲೆಕ್ಕ ಬರೆದವರಿಗೆ ನಾಚಿಕೆಯಾಗಲಿಲ್ಲ.

ಎಲುಬು ಕಾಯ್ದೆ ಓದಿಕೊಂಡು ಕೂಡುವುದಿಲ್ಲ. ಪಟ್ಟಿ ಬಿಗಿಯಾಯಿತು, ಬೆರಳು ಬಾತವು, ಜೋಮು ಹಿಡಿಯಿತು ಅಂದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಸ್ನಾಯು ಸಾಯುತ್ತದೆ. ಕೈ ಕೊಕ್ಕೆಯಾಗುವುದು ಆಮೇಲೆ, ನಿಧಾನಕ್ಕೆ. ಪಟ್ಟಿ ಹಾಕಿ ವಾರ ಎರಡು ವಾರದಲ್ಲಿ ಮತ್ತೆ ಎಕ್ಸ್‌ರೇ ತೆಗೆಯದಿದ್ದರೆ ಎಲುಬು ಜರುಗಿದ್ದು ತಿಳಿಯುವುದೇ ಇಲ್ಲ. ಕೂಡುತ್ತದೆ, ಸೊಟ್ಟಗೆ ಕೂಡುತ್ತದೆ. ಒಳಗೆ ಹಾಕಿದ ರಾಡಿಗೆ ನಂಜು ಹತ್ತಿದರೆ ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಕೀವಾಗಿ ಒಡೆದೀತು. ಅಷ್ಟರವರೆಗೆ ರೋಗಿಯ ಕೈಯಲ್ಲಿರುವ ಜ್ಞಾನ ಒಂದೇ: "ಎಲುಬು ಕೂಡೈತಿ, ಬ್ಯಾನಿ ಒಂದ್ನಾಕು ದಿನ ಇರತೈತಿ" ಎಂಬ ವೈದ್ಯರ ಮಾತು. ಇಷ್ಟರ ಮೇಲೆ ನಮ್ಮ ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿಗಳಲ್ಲಿ ಫ್ಲೋರೈಡ್. ಎಲುಬು ಕೆಟ್ಟಿದ್ದು ಯಾಕೆ ಅಂದರೆ "ನಿಮ್ಮೂರ ನೀರೇ ಹಂಗೈತಿ" ಅನ್ನುವ ಉತ್ತರ ಸದಾ ಸಿದ್ಧ. ಕೆಟ್ಟ ನೀರನ್ನೇ ಕುಡಿಯಲು ಬಿಟ್ಟದ್ದೂ ವ್ಯವಸ್ಥೆ, ಆ ಕೆಟ್ಟ ನೀರಿನ ಹಿಂದೆ ಅಡಗಿ ಕೂರುವುದೂ ವ್ಯವಸ್ಥೆ.

ತಡವಾಗಿ ತಿಳಿದರೆ ಕಾನೂನು ಕರುಣೆ ತೋರುತ್ತದೆ ಎನ್ನುವವರು ಶ್ರೀಖಂಡೆ ಪ್ರಕರಣ ಓದಲಿ. ಗೋವಾದ ಸರ್ಕಾರಿ ಆಸ್ಪತ್ರೆಯ ಒಬ್ಬ ನರ್ಸ್‌ಗೆ 1993ರಲ್ಲಿ ಮುಂಬೈಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಒಂಬತ್ತು ವರ್ಷ ಹೊಟ್ಟೆನೋವು. 2002ರಲ್ಲಿ ಇನ್ನೊಂದು ಆಸ್ಪತ್ರೆಯವರು ಹೊಟ್ಟೆ ತೆರೆದಾಗ ಒಳಗೆ ಬಟ್ಟೆಯ ಪಟ್ಟಿ. ತಿಳಿದ ಎರಡು ವರ್ಷದೊಳಗೆ, 2004ರಲ್ಲಿ, ಆಕೆ ದೂರು ಕೊಟ್ಟಳು. ಸುಪ್ರೀಂ ಕೋರ್ಟು 2010ರಲ್ಲಿ ಕಾಲ ಮೀರಿದೆ ಎಂದಿತು. ದೋಷ ಒಳಗೆ ಅಡಗಿದ್ದರೆ, ತಕ್ಕ ಎಚ್ಚರಿಕೆ ವಹಿಸಿ ಅದನ್ನು ತಿಳಿಯಬಹುದಾಗಿದ್ದ ದಿನದಿಂದ ಲೆಕ್ಕ ಎಂಬ ಒಳ್ಳೆಯ ತತ್ವವನ್ನು ಹೇಳಿದ ಅದೇ ತೀರ್ಪು, ನರ್ಸ್ ಆದವಳು ನೋವಿನ ಗುಳಿಗೆ ನುಂಗುತ್ತ ಇರದೆ ಮೊದಲೇ ವೈದ್ಯರನ್ನು ಕಾಣಬೇಕಿತ್ತು ಎಂದು ಆ ತತ್ವದ ಫಲವನ್ನು ಆಕೆಗೇ ಕೊಡಲಿಲ್ಲ. ನೋವು ನುಂಗಿದ್ದೇ ತಪ್ಪಾಯಿತು! ನೋವಿನ ಗುಳಿಗೆ ನುಂಗಿ ಮರುದಿನ ಕೂಲಿಗೆ ಹೋಗುವುದೇ ನಮ್ಮ ಜಿಲ್ಲೆಯ ಆರೋಗ್ಯ ನೀತಿ ಎಂದು ಆ ನ್ಯಾಯಪೀಠಕ್ಕೆ ಯಾರು ಹೇಳಬೇಕಿತ್ತು?

ಅದೇ ನ್ಯಾಯಾಂಗ ತಾನು ತಡ ಮಾಡಿದರೆ? ಪುಣೆಯ ಜೋಶಿ–ಗೋಡ್ಬೋಲೆ ಪ್ರಕರಣ ನೋಡಿ. 1953ರಲ್ಲಿ ತೊಡೆ ಎಲುಬು ಮುರಿದ ಇಪ್ಪತ್ತರ ಹುಡುಗ. ಸರಿಯಾದ ಅರಿವಳಿಕೆ ಕೊಡದೆ ಕಾಲು ಜಗ್ಗಿ ಪ್ಲಾಸ್ಟರ್ ಹಾಕಿದರು, ಆಘಾತದಿಂದ ಸತ್ತ. ಅಂತಿಮ ತೀರ್ಪು 1968ರಲ್ಲಿ, ಪರಿಹಾರ 3,000 ರೂಪಾಯಿ. ದಾವೆ ಹೂಡಿದ ತಂದೆ ಸ್ವತಃ ವೈದ್ಯ ಎಂಬುದನ್ನು ನೆನಪಿಡಿ. ವೈದ್ಯನಿಗೇ ಹದಿನೈದು ವರ್ಷ. ಇನ್ನು ಔರಂಗಾಬಾದ್. ನಮ್ಮ ಕೊಪ್ಪಳದಂತೆ ಅದೂ ನಿಜಾಮನ ಆಳ್ವಿಕೆ ಕಂಡ ಊರು. 1963ರಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬಾಣಂತಿಯ ಹೊಟ್ಟೆಯಲ್ಲಿ ಟವೆಲ್ ಬಿಟ್ಟರು. ಆಕೆ ಅದೇ ತಿಂಗಳು ತೀರಿಕೊಂಡಳು. ಗಂಡನ ದಾವೆ ಕೆಳಗಿನ ಕೋರ್ಟಿನಲ್ಲಿ ಗೆದ್ದು, ಹೈಕೋರ್ಟಿನಲ್ಲಿ ಸೋತು, ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 1996ರಲ್ಲಿ. 36,000 ರೂಪಾಯಿಗೆ 33 ವರ್ಷ. ಈ ತಡವನ್ನು ಯಾವ ಕಲಂ ಅಡಿಯಲ್ಲಿ ವಜಾ ಮಾಡೋಣ?

ದೂರದ ಮಾತು ಬೇಡವೆಂದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಬನ್ನಿ. ಅಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದರು. ಹೆಚ್ಚಿನವರು ಲಂಬಾಣಿ ತಾಂಡಾದವರು, ದಲಿತ ಕೇರಿಯವರು, ಕೂಲಿಗೆ ಹೋಗುವವರು. ಬೇಕಿಲ್ಲದ ಶಸ್ತ್ರಚಿಕಿತ್ಸೆ ಅದೆಂದು ಅವರಿಗೆ ತಿಳಿದದ್ದು ಆಮೇಲೆ, ಪಕ್ಕದ ಮನೆಯವಳಿಗೂ ಹಾಗೇ ಆಗಿದೆಯೆಂದು ಗೊತ್ತಾದ ಮೇಲೆ. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಬೀದಿಯಲ್ಲಿ ಕೂತರು. ಬೀದಿಯೇ ಯಾಕೆ? ಎಲ್ಲರಿಗೂ ಪೂರ್ತಿ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ರೋಗಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟು 1995ರ ವಿ.ಪಿ. ಶಾಂತಾ ತೀರ್ಪಿನಲ್ಲೇ ಹೇಳಿಬಿಟ್ಟಿದೆ. ದುಡ್ಡು ಕೊಟ್ಟವನ ಕಾಲಿಗೆ ಬೆಲೆ, ಪುಕ್ಕಟೆ ಬಂದವನ ಕಾಲು ಪುಕ್ಕಟೆ.

"ಹತ್ತು ವರ್ಷದ ಹಿಂದಿನ ಕಾಲಿನ ಬಗ್ಗೆ ಈಗ ಕೇಳಿದರೆ ನಾವು ಏನು ಹೇಳಬೇಕು, ಸಾಕ್ಷ್ಯ ಎಲ್ಲಿದೆ?" ಎನ್ನುತ್ತಾರೆ ವೈದ್ಯರು. ನ್ಯಾಯವಾದ ಪ್ರಶ್ನೆಯಂತೆ ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ನೂರಾರು ರೋಗಿಗಳನ್ನು ನೋಡುವ ವೈದ್ಯರ ಮೇಲೆ ನನಗೂ ಹಗೆಯಿಲ್ಲ. ಆದರೆ ಸಾಕ್ಷ್ಯ ಇದ್ದದ್ದು ಯಾರ ಬಳಿ? ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟರೆ ಸಾಕು. ಆಮೇಲೆ ಕೇಸ್ ಶೀಟು ರದ್ದಿಗೆ ಹೋದರೂ ಕೇಳುವವರಿಲ್ಲ. ಸಾಕ್ಷ್ಯ ಸುಡುವ ಹಕ್ಕು ಅವರದು, ತಡ ಮಾಡಿದ ಅಪರಾಧ ನಮ್ಮದು. 2017ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಲಗಾಮು ಹಾಕಲು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ (ಕೆಪಿಎಂಇ) ತಿದ್ದುಪಡಿ ತಂದಾಗ ಏನಾಯಿತು? ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಆಸ್ಪತ್ರೆ ಮುಚ್ಚಿ ಬೀದಿಗಿಳಿದರು, ಬೆಳಗಾವಿ ಅಧಿವೇಶನದಲ್ಲಿ ಸರ್ಕಾರ ಮಣಿಯಿತು, ಮಸೂದೆಯ ಹಲ್ಲು ಕಿತ್ತರು. ಕೆಲವೇ ದಿನಗಳ ಮುಷ್ಕರಕ್ಕೆ ಶಾಸನಸಭೆ ಬಾಗಿತು. ಕುಂಟುವವರ ಮುಷ್ಕರಕ್ಕೆ ಯಾರು ಬಾಗುತ್ತಾರೆ?

ತಡ ಯಾರದು ಎಂದು ಈಗ ಹೇಳಿ. 2002ರಲ್ಲಿ ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಅದಕ್ಕೆ ಮೊದಲು ಎಲುಬು ಮುರಿದವನು ಹುಬ್ಬಳ್ಳಿಗೋ ಬಳ್ಳಾರಿಗೋ ಸಾಗಬೇಕಿತ್ತು, ಇಲ್ಲವೇ ಊರ ನಾಟಿ ವೈದ್ಯನ ಕೈಗೆ ಕಾಲು ಕೊಡಬೇಕಿತ್ತು. ಹೀಗೆ ದಶಕಗಟ್ಟಲೆ ತಡ ಮಾಡಿದ ರಾಜ್ಯವೇ ಕೂಲಿಯವನ ಎರಡು ವರ್ಷವನ್ನು ಬೆರಳು ಮಡಚಿ ಎಣಿಸುತ್ತಿದೆ.

ಕೆಪಿಎಂಇ ರಾಜ್ಯದ್ದೇ ಕಾಯ್ದೆ. ದೆಹಲಿಯ ಕಡೆ ಬೆರಳು ತೋರಿಸುವ ಅಗತ್ಯವಿಲ್ಲ. ಚಿಕಿತ್ಸೆಯ ದಾಖಲೆಯನ್ನು ಕನಿಷ್ಠ ಹದಿನೈದು ವರ್ಷ ಇಡಬೇಕು, ಬಿಡುಗಡೆಯ ದಿನವೇ ಕನ್ನಡದಲ್ಲಿ ಅದರ ಪ್ರತಿ ರೋಗಿಯ ಕೈಸೇರಬೇಕು ಎಂದು ಸರ್ಕಾರ ಅದರಲ್ಲಿ ಬರೆಯಲಿ. ಪುಕ್ಕಟೆ ರೋಗಿಗೂ ದೂರಿನ ಹಕ್ಕು ಕೊಡಲಿ. ನಮ್ಮ ಜಿಲ್ಲೆಯ ಶಾಸಕರು ಸದನದಲ್ಲಿ ಇದನ್ನೊಮ್ಮೆ ಎತ್ತಲಿ, ಆಮೇಲೆ ಓಟು ಕೇಳಲಿ.

ಅಲ್ಲಿಯವರೆಗೆ, ಕಾಲು ಸರಿ ಕೂಡದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇರುವಷ್ಟನ್ನಾದರೂ ಬಿಡಬೇಡಿ. ಆಸ್ಪತ್ರೆಗೆ ಬರೆದು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ. ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಚಿಕಿತ್ಸೆ ಹುಬ್ಬಳ್ಳಿಯಲ್ಲಾಗಿರಲಿ, ಬೆಂಗಳೂರಿನಲ್ಲಾಗಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಿಮೆ ದುಡ್ಡು ಕಟ್ಟಿದ್ದರೂ, ಇಎಸ್ಐ ಆಸ್ಪತ್ರೆಯಾಗಿದ್ದರೂ ನೀವು ಗ್ರಾಹಕರೇ. ಎರಡು ವರ್ಷ ದಾಟಿದ್ದರೆ, ಯಾವಾಗ ತಿಳಿಯಿತು, ಯಾರು ತಿಳಿಸಿದರು, ಅಲ್ಲಿಯವರೆಗೆ ಯಾಕೆ ತಿಳಿಯಲಿಲ್ಲ ಎಂದು ಬರೆದು, ತಡ ಮನ್ನಿಸುವ ಅರ್ಜಿಯನ್ನು ದೂರಿನ ಜೊತೆಗೇ ಇಡಿ. ಗ್ರಾಹಕ ಕಾಯ್ದೆಯಲ್ಲಿ ಅದಕ್ಕೆ ಜಾಗವಿದೆ. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡಬೇಕು. ಹೋಗಿ, ಕೇಳಿ. ಒಬ್ಬರೇ ಹೋಗಬೇಡಿ.