ರಗ್ಗು ಹಂಚಿದ್ದು ಸಾಕು, ಇನ್ನು ಅಳತೆ ತಗೊಳ್ಳಿ



ಚಳಿ ಶುರುವಾಯ್ತು. ಇನ್ನು ಸಂಕ್ರಾಂತಿವರೆಗೂ ಫೇಸ್‌ಬುಕ್ ತುಂಬಾ ರಗ್ಗು ಹಂಚುವ ಫೋಟೋಗಳೇ. ಮುಖಂಡರ ಹುಟ್ಟುಹಬ್ಬಕ್ಕೆ ಒಂದು ಲೋಡು, ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಇನ್ನೊಂದು ಲೋಡು. ಪೌರಕಾರ್ಮಿಕ ಅಕ್ಕಂದಿರನ್ನ ಸಾಲಾಗಿ ನಿಲ್ಲಿಸಿ, ಒಂದು ರಗ್ಗನ್ನ ಐದು ಜನ ಹಿಡ್ಕೊಂಡು ಕ್ಯಾಮೆರಾ ಕಡೆ ನೋಡೋದು. ನಮ್ಮ ಸಂಘಟನೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅದಕ್ಕೇ ನಮ್ಮವರಿಗೇ ಹೇಳ್ತಿದ್ದೀನಿ.

ರಗ್ಗು ಮಲಗೋ ಹೊತ್ತಿಗೆ ಸರಿ. ಬೆಳಗಿನ ಜಾವ ಹಾಜರಿ ಕೊಟ್ಟು ಪೊರಕೆ ಹಿಡಿಯೋ ಹೆಂಗಸು ಅದನ್ನ ಹೊದ್ದುಕೊಂಡು ಬೀದಿ ಗುಡಿಸೋಕಾಗುತ್ತಾ? ಕೆಲಸದ ಮೇಲೆ ಕೊಟ್ಟಿರೋ ಆ ಫಳಫಳ ಹೊಳೆಯೋ ಜಾಕೆಟ್ ಇದೆಯಲ್ಲ, ಅದು ಗಾಡಿ ಓಡಿಸೋರಿಗೆ ಕಾಣ್ಲಿ ಅಂತ. ಚಳಿಗೆ ಅದು ಲೆಕ್ಕಕ್ಕಿಲ್ಲ. ಮನೇಲಿ ಹಳೇ ರಗ್ಗು ಇದ್ದರೆ ಕತ್ತರಿ ಹಾಕಿ, ಕೋಟು ಹೊಲಿಯೋಣ ಅನ್ನೋದು ನನ್ನ ವಾದ.

ಈ ಮಾತು ಎತ್ತಿದಾಗ ಹಿರಿಯ ಕಾರ್ಯಕರ್ತರೊಬ್ಬರು ಸಿಟ್ಟಾದರು. "ಅವರಿವರ ಹಳೇ ಬಟ್ಟೆ ಹಾಕ್ಕೊಂಡಿದ್ದು ಸಾಲ್ದಾ? ಇನ್ನೂ ಚಿಂದಿ ಹೊಲೀಬೇಕಾ?" ಅಂದರು. ಅವರ ಸಿಟ್ಟಿಗೆ ಕಾರಣ ಇದೆ. ಮನುಸ್ಮೃತಿಯ 10ನೇ ಅಧ್ಯಾಯದ 52ನೇ ಶ್ಲೋಕ ಚಂಡಾಲರು ಸತ್ತವರ ಬಟ್ಟೆ ಉಡಬೇಕು ಅಂತ ವಿಧಿಸುತ್ತೆ. 1927ರ ಡಿಸೆಂಬರ್ 25ಕ್ಕೆ ಮಹಾಡ್‌ನಲ್ಲಿ ಸುಟ್ಟದ್ದು ಅದೇ ಪುಸ್ತಕವನ್ನ. ಆದರೆ ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದ್ದನ್ನೂ ಮರೆಯೋದು ಬೇಡ. ಬಟ್ಟೆಗೆ ತೇಪೆ ಇದ್ದರೂ ಪರವಾಗಿಲ್ಲ, ಶುಭ್ರವಾಗಿರಲಿ. ನೀವು ಏನು ಉಡಬೇಕು ಅಂತ ಕಟ್ಟುಪಾಡು ಹಾಕೋ ಹಕ್ಕು ಯಾರಿಗೂ ಇಲ್ಲ ಅನ್ನೋದು ಅವರ ಮಾತಿನ ಸಾರ. ಯಾರೋ ಬಿಸಾಕಿದ್ದನ್ನ ಕೈಯೊಡ್ಡಿ ತಗೊಳ್ಳೋದು ಬೇರೆ, ನನ್ನ ಮನೆ ರಗ್ಗನ್ನ ನಾನೇ ಕತ್ತರಿಸಿ ನನ್ನ ಮೈಗೆ ಹೊಂದಿಸ್ಕೊಳ್ಳೋದು ಬೇರೆ.

ಹಳೇದು ಅನ್ನೋ ಮಾತಿಗೆ ಇನ್ನೊಂದು ವಿಷಯ. ದಾನಕ್ಕೆ, ಪರಿಹಾರಕ್ಕೆ ಅಂತ ಹಂಚೋ ಅಗ್ಗದ ಉಣ್ಣೆ ರಗ್ಗುಗಳಲ್ಲಿ ಎಷ್ಟೋ ಹರಿಯಾಣದ ಪಾಣಿಪತ್‌ನಿಂದ ಬಂದವು. ಪಶ್ಚಿಮದ ದೇಶಗಳವರು ಹಾಕಿ ಬಿಟ್ಟ ಸ್ವೆಟರು, ಕೋಟು ಅಲ್ಲಿಗೆ ಮೂಟೆಮೂಟೆ ಬರ್ತವೆ. ಗುಂಡಿ, ಜಿಪ್ಪು ಕಿತ್ತು, ಬಣ್ಣಬಣ್ಣ ಬೇರೆ ಮಾಡಿ, ಯಂತ್ರದಲ್ಲಿ ಸಿಗಿದು ಮತ್ತೆ ನೂಲು ಮಾಡ್ತಾರೆ. ಶಾಡಿ ನೂಲು ಅಂತಾರೆ ಅದಕ್ಕೆ. ಅಂದರೆ "ಹೊಸ" ರಗ್ಗು ಅಂತ ಶಾಲು ಹೊದಿಸಿದಷ್ಟು ಗತ್ತಿನಲ್ಲಿ ಕೊಡೋದೂ ಹಿಂದೆ ಯಾರದೋ ಕೋಟೇ!

ಇನ್ನು ಹೊಲಿಗೆ. ಉಣ್ಣೆ ಬೆರೆತ ರಗ್ಗಾದರೆ ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಿ, ಕುಗ್ಗೋದೆಲ್ಲ ಈಗಲೇ ಕುಗ್ಗಲಿ. ಬೆಳಕಿಗೆ ಹಿಡಿದು ಸವೆದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನ ಬಿಟ್ಟು ಕತ್ತರಿಸಿ. 60-90 ಇಂಚಿನ ಸಿಂಗಲ್ ರಗ್ಗಲ್ಲಿ ಒಂದು ಕೋಟು ಆಗುತ್ತೆ. ದಪ್ಪ ಬಟ್ಟೆ ಮಡಿಸಿ ಕತ್ತರಿಸಿದರೆ ಜಾರುತ್ತೆ, ಒಂದೊಂದೇ ತುಂಡು ಕತ್ತರಿಸಿ. ನಮ್ಮ ಅಕ್ಕಂದಿರು ಸೀರೆ ಮೇಲೆ ಹಾಕ್ಕೊಳ್ಳೋದು, ಸೆರಗು ಒಳಗೆ ಕೂರಬೇಕು; ಎದೆ ಸುತ್ತಳತೆಗೆ ನಾಲ್ಕು ಇಂಚು ಹೆಚ್ಚು ಬಿಡಿ. ಕಂಕುಳು ಸಡಿಲ ಇರಲಿ, ಪೊರಕೆ ಬೀಸೋ ಕೈ ಅದು. ಉದ್ದ ಸೊಂಟ ದಾಟಿ ಸ್ವಲ್ಪ, ಅಷ್ಟೇ. ಬಗ್ಗಿದಾಗ ಅಡ್ಡ ಬರಬಾರದು. ತೋಳಿನ ತುದಿಗೆ ಎಲಾಸ್ಟಿಕ್, ಇಲ್ಲದಿದ್ದರೆ ಚರಂಡಿ ನೀರಿಗೆ ಅದ್ದುತ್ತೆ. ಮೆಷಿನ್‌ಗೆ 18ನೇ ನಂಬರ್ ಸೂಜಿ, ಹೊಲಿಗೆ ಉದ್ದಕ್ಕೆ ಇಡಿ. ಅಂಚು ಮಡಿಸಿ ಹೊಲಿಯೋಕೆ ಹೋಗಬೇಡಿ, ದಿಂಡಿನ ಹಾಗೆ ಆಗುತ್ತೆ. ಹಳೇ ಲುಂಗಿಯ ಪಟ್ಟಿ ಕೊಟ್ಟು ಸುತ್ತ ಪೈಪಿಂಗ್ ಮಾಡಿ. ಕಾಜಾ ಮಾಡೋದು ಕಷ್ಟ, ಬಟ್ಟೆ ಕುಣಿಕೆ ಹಾಕಿ ದೊಡ್ಡ ಗುಂಡಿ ಇಡಿ. ಜೇಬು ಎರಡು, ದೊಡ್ಡವು. ಒಗೆದರೆ ಬೇಗ ಒಣಗಲ್ಲ, ಆದ್ದರಿಂದ ಒಬ್ಬರಿಗೆ ಎರಡು ಬೇಕೇ ಬೇಕು.

ಕೋಟು ಹೊಲಿಯೋಕೆ ಅಳತೆ ತಗೋಬೇಕು. ಅಳತೆ ತಗೊಳ್ಳೋಕೆ ಮೈ ಮುಟ್ಟಬೇಕು. ನಮ್ಮವರ ಮೈಗೆ ಟೇಪು ತಾಗಿಸದೆ, ದೂರ ನಿಲ್ಲಿಸಿ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸಿದ ದರ್ಜಿಗಳಿದ್ದ ಊರುಗಳಿಂದ ಬಂದೋರು ನಾವು. ರಗ್ಗನ್ನ ವೇದಿಕೆ ಮೇಲಿಂದ ಎಸೆದೂ ಕೊಡಬಹುದು, ಹೆಸರೂ ಕೇಳಬೇಕಿಲ್ಲ. ಕೋಟಿಗೆ ಭುಜ ಎಷ್ಟು, ತೋಳು ಎಷ್ಟು, ಎಲ್ಲಿ ಬಿಗಿ ಆಗುತ್ತೆ ಅಕ್ಕ ಅಂತ ಕೇಳಲೇಬೇಕು. ಹಂಚೋರಿಗೆ ಈ ಕೆಲಸ ಯಾಕೆ ಹಿಡಿಸಲ್ಲ ಅಂತ ಈಗ ಗೊತ್ತಾಯ್ತಲ್ಲ.

ಇದನ್ನೇ ನೆಪ ಮಾಡ್ಕೊಂಡು "ನಿಮ್ಮವರೇ ಹೊಲ್ಕೊಳ್ತಾರಲ್ಲ" ಅಂತ ಅಧಿಕಾರಿಗಳು ಕೈ ತೊಳ್ಕೊಳ್ಳೋಕೆ ಬಿಡಬಾರದು. ಚಳಿಯ ಉಡುಪು ಕೊಡೋದು ಕೆಲಸ ಮಾಡಿಸ್ಕೊಳ್ಳೋರ ಹೊಣೆ. ಅರ್ಜಿ ಬರೆಯೋ ಕೆಲಸ ನನಗೆ ಬಿಡಿ, ಹಗಲೆಲ್ಲ ಆಫೀಸಲ್ಲಿ ಮಾಡೋದು ಅದೇ. ಗುತ್ತಿಗೆಯವರು, ಕಾಯಂ ಆದವರು ಅಂತ ಭೇದ ಇಲ್ಲದೆ ಎಲ್ಲರ ಹೆಸರೂ ಅದರಲ್ಲಿ ಇರಬೇಕು. ಅರ್ಜಿ ಮೇಜಿಂದ ಮೇಜಿಗೆ ಹೋಗೋಷ್ಟರಲ್ಲಿ ಬೇಸಿಗೆ ಬಂದಿರುತ್ತೆ, ಅಲ್ಲಿವರೆಗೆ ಯಾರೂ ನಡುಗೋದು ಬೇಡ.

ಈ ಭಾನುವಾರ ಹತ್ತು ಗಂಟೆಗೆ ನಮ್ಮ ಬೀದಿಯ ಅಂಬೇಡ್ಕರ್ ಭವನದಲ್ಲಿ ಕೂರ್ತೀವಿ. ಎರಡು ಮೆಷಿನ್ ಇವೆ. ಒಗೆದ ರಗ್ಗು ತನ್ನಿ, ಅಳತೆಗೆ ಅಕ್ಕಂದಿರನ್ನೂ ಕರ್ಕೊಂಡು ಬನ್ನಿ. ಸೂಜಿ ಬೇಗ ಮುರಿಯುತ್ತೆ, 18ನೇ ನಂಬರಿನ ಒಂದು ಪ್ಯಾಕೆಟ್ ಯಾರಾದರೂ ಹಿಡ್ಕೊಂಡು ಬಂದರೆ ಉಪಕಾರ.

ಜೈ ಭೀಮ್.